ನಾನು ಕಟ್ಟಿದ ಒಂದೂವರೆ ಗೋಡೆ

ಭಾನುವಾರ ಬೆಳಿಗ್ಗೆ ಉಗುರು ಕತ್ತರಿಸುವುದು ನನ್ನ ಹಳೆಯ ಅಭ್ಯಾಸ. ಶುಕ್ರವಾರ ಕೂಡದು, ದೀಪ ಹಚ್ಚಿದ ಮೇಲೆ ಕೂಡದು, ಮನೆಯೊಳಗಂತೂ ಕೂಡದೇ ಕೂಡದು ಎಂದು ಚಿಕ್ಕಂದಿನಲ್ಲೇ ಕಲಿಸಿಬಿಟ್ಟಿದ್ದಾರೆ. ಹಾಗಾಗಿ ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ ಹಳೇ ಪೇಪರ್ ಹಾಸಿಕೊಂಡು ಕೂರುತ್ತೇನೆ. ಒಂಬತ್ತು ಉಗುರು ಸಲೀಸಾಗಿ ಮುಗಿಯುತ್ತವೆ. ಹತ್ತನೆಯದು, ಎಡಗೈ ಹೆಬ್ಬೆರಳಿನದು, ಸತಾಯಿಸುತ್ತದೆ. ಅದರ ನಡುವೆ ಒಂದು ಏಣು ಎದ್ದಿದೆ. ಮೂರು ವರ್ಷದ ಹಿಂದೆ ಅದರ ಮೇಲೊಂದು ಸಿಮೆಂಟ್ ಇಟ್ಟಿಗೆ ಬಿದ್ದಿತ್ತು. ಬೀಳಿಸಿಕೊಂಡವನು ನಾನೇ, ಬೇರೆಯವರನ್ನು ದೂರುವ ಹಾಗಿಲ್ಲ.

ಏನ್ ಸಾರ್ ಬೆರಳಿಗೆ ಎಂದು ಯಾರಾದರೂ ಕೇಳಿದರೆ, ಮನೆ ಕಟ್ಟುವಾಗ ಆದದ್ದು ಎನ್ನುತ್ತೇನೆ. ಹೊಸ ಮನೆ ಕಟ್ಟಿಸಿದ್ರಾ, ಎಲ್ಲಿ, ಎಷ್ಟು ಚದರ ಎಂದು ಅವರು ಶುರು ಮಾಡುತ್ತಾರೆ. ಬೆಂಗಳೂರಿನಲ್ಲಿ ಆ ಪ್ರಶ್ನೆಗೆ ಕೊನೆಯೇ ಇಲ್ಲ. ಕಟ್ಟಿಸಿದ್ದಲ್ಲ ಸ್ವಾಮಿ, ಕಟ್ಟಿದ್ದು, ಅದೂ ಒಂದೂವರೆ ಗೋಡೆ ಎಂದು ವಿವರಿಸುವಷ್ಟರಲ್ಲಿ ಕಾಫಿ ಆರಿಹೋಗಿರುತ್ತದೆ. ನೀವು ಪುರಸೊತ್ತಾಗಿ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ನಮ್ಮದು ಹಾರ್ಡ್‌ವೇರ್ ಅಂಗಡಿ. ತಾತ ಪೇಟೆಯ ಒಳಗೆ ಶುರು ಮಾಡಿದ್ದನ್ನು ಅಪ್ಪ ಚಾಮರಾಜಪೇಟೆಗೆ ತಂದರು, ನಾನು ಅಲ್ಲೇ ಇಟ್ಟುಕೊಂಡಿದ್ದೇನೆ. ಮೊಳೆ, ತಿರುಪು, ಚಿಲಕ, ನಲ್ಲಿ, ಗಾರೆಯವರ ಕರಣೆ, ಬಾಂಡ್ಲಿ. ಅಪ್ಪ ಕರಣೆ ಮಾರುವಾಗ ಅದನ್ನು ಕೌಂಟರಿನ ಅಂಚಿಗೆ ತಟ್ಟಿ ಸದ್ದು ಕೇಳಿಸುತ್ತಿದ್ದರು. ಒಳ್ಳೆಯ ಉಕ್ಕು ಹಾಡುತ್ತದಂತೆ. ನನಗೆ ಆ ಹಾಡು ಎಂದೂ ಕೇಳಿಸಿದ್ದಿಲ್ಲ. ಆದರೆ ತಟ್ಟುವುದನ್ನು ಮಾತ್ರ ಬಿಟ್ಟಿಲ್ಲ, ಗಿರಾಕಿಗಳಿಗೆ ಒಂದು ಭರವಸೆ. ಮೂವತ್ತೈದು ವರ್ಷ ಕರಣೆ ಮಾರಿದ ನಾನು ಒಂದು ಸಲವೂ ಅದರಿಂದ ಗಾರೆ ಎತ್ತಿದವನಲ್ಲ. ಮನೆಯಲ್ಲಿ ನಲ್ಲಿ ಸೋರಿದರೆ ಅಂಗಡಿಗೆ ಬರುವ ಪ್ಲಂಬರಿಗೆ ಫೋನ್ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ದೇವದಾಸ ಬಂದು ಹತ್ತು ಕರಣೆ, ಎಂಟು ಬಾಂಡ್ಲಿ, ಎರಡು ತೂಗುಗುಂಡು ಬೇಕು ಎಂದ. ದೇವದಾಸ ನನ್ನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು. ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ಆಗಷ್ಟೇ ನಿವೃತ್ತನಾಗಿದ್ದ. ಸಣ್ಣ ಆಳು, ಸಣ್ಣ ದನಿ. ರಿಟೈರ್ ಆದ ಮೇಲೂ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ. ಡ್ರಾಯಿಂಗ್ ಮೇಷ್ಟರಿಗೆ ಕರಣೆ ಯಾಕೆ ಎಂದು ಕೇಳಿದೆ. ಆ ವರ್ಷ ಉತ್ತರದ ಕಡೆ ಹೊಳೆ ಉಕ್ಕಿ ಹಳ್ಳಿಗಳಿಗೆ ನೀರು ನುಗ್ಗಿತ್ತಲ್ಲ. ಅವರ ಚರ್ಚಿನವರು ಬೆಳಗಾವಿ ಕಡೆಯ ಒಂದು ಊರಿನಲ್ಲಿ ಬಿದ್ದ ಮನೆಗಳನ್ನು ಕಟ್ಟಿಕೊಡಲು ಹೊರಟಿದ್ದರು. ಪಾಯ ಆಗಲೇ ಹಾಕಿಸಿದ್ದರು. ಇನ್ನು ಹದಿನಾಲ್ಕು ಜನ ಹೋಗಿ, ಅಲ್ಲಿಯ ಮೇಸ್ತ್ರಿಗಳ ಕೈಕೆಳಗೆ ದುಡಿದು, ಗೋಡೆ ಎಬ್ಬಿಸಿ ಶೀಟು ಹೊದಿಸಿ ಬರುವುದು.

ನಾನು ಅಭ್ಯಾಸದಂತೆ ಒಂದೊಂದೇ ಕರಣೆಯನ್ನು ಕೌಂಟರಿಗೆ ತಟ್ಟಿ ಕೊಡುತ್ತಿದ್ದೆ. ದೇವದಾಸ ಸುಮ್ಮನೆ ನೋಡುತ್ತಿದ್ದವನು, “ಹದಿನಾಲ್ಕರಲ್ಲಿ ಒಬ್ಬರಿಗೆ ಹುಷಾರಿಲ್ಲ. ನೀನ್ ಬರ್ತೀಯೇನೋ ರಾಜಾ?” ಅಂದ.

ನಾನು ನಕ್ಕೆ. ಅವನು ನಗಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವು ಹುಡುಗರಾಗಿದ್ದಾಗ ದೇವದಾಸನ ಮನೆ ನಮ್ಮ ಬೀದಿಯ ಕೊನೆಯಲ್ಲಿತ್ತು. ಕ್ರಿಸ್ಮಸ್ ಬಂತೆಂದರೆ ಅವನ ತಾಯಿ ಸ್ಟೀಲ್ ಡಬ್ಬಿಯ ತುಂಬ ಕಲ್ಕಲ್, ರೋಸ್ ಕುಕ್ಕಿ ಎಂಬ ಕರಿದ ತಿಂಡಿ ತುಂಬಿ, ಮೇಲೊಂದು ಕಸೂತಿ ಬಟ್ಟೆ ಮುಚ್ಚಿ ಕಳಿಸುತ್ತಿದ್ದರು. ನಮ್ಮಜ್ಜಿ ದೊಡ್ಡ ಶಿವಭಕ್ತೆ. ಅದರಲ್ಲಿ ಮೊಟ್ಟೆ ಇದೆಯೆಂದು ಗೊತ್ತು, ಮುಟ್ಟುತ್ತಿರಲಿಲ್ಲ. ಆದರೆ ಬೇಡ ಎಂದವಳೂ ಅಲ್ಲ. ಡಬ್ಬಿಯನ್ನು ಬಾಗಿಲಲ್ಲೇ ಇಸಿದುಕೊಂಡು, ಮೆಟ್ಟಿಲ ಮೇಲೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ತಾನು ಬೇರೆ ಕಡೆ ನೋಡುತ್ತ ಹಂಚುತ್ತಿದ್ದಳು. ತಿಂದು ಕೈ ಬಾಯಿ ತೊಳೆದರೆ ಮುಗಿಯಿತು, ಮೊಟ್ಟೆ ಇತ್ತೆಂಬುದಕ್ಕೆ ಸಾಕ್ಷಿಯೇ ಇಲ್ಲ. ಖಾಲಿ ಡಬ್ಬಿ ಹಿಂದಿರುಗಿಸುವುದು ಮರ್ಯಾದೆಯಲ್ಲವಾದ್ದರಿಂದ ಸಂಕ್ರಾಂತಿಯವರೆಗೆ ಇಟ್ಟುಕೊಂಡು ಎಳ್ಳು ತುಂಬಿ ಕಳಿಸುವುದು. ಹೀಗೆ ಒಂದೇ ಡಬ್ಬಿ ಎರಡು ಮನೆಗಳ ನಡುವೆ ಇಪ್ಪತ್ತು ವರ್ಷ ಓಡಾಡಿತು. ಕೊನೆಗೆ ಅದು ಯಾರ ಮನೆಯದೆಂದೇ ಎರಡೂ ಕಡೆಯವರಿಗೆ ಮರೆತುಹೋಗಿತ್ತು.

ಅಂಥವನು ಕರೆದಾಗ ಇಲ್ಲ ಎನ್ನುವುದು ಹೇಗೆ? ಮನೆಗೆ ಹೋಗಿ ಹೆಂಡತಿ ಗಿರಿಜಳಿಗೆ ಹೇಳಿದೆ. ಅವಳು ಬೇಡ ಎನ್ನುತ್ತಾಳೆ, ಆಗ ಅವಳ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದು ಎಂಬ ದೂರಾಲೋಚನೆ ನನ್ನದು. ಗಿರಿಜ, ಹೋಗಿ ಬನ್ನಿ, ಇಲ್ಲಿದ್ದು ಯಾವ ಗೋಡೆ ಕಟ್ತಿದೀರ ಎಂದು ಬ್ಯಾಗು ತುಂಬಲು ಶುರು ಮಾಡಿದಳು. ಬಟ್ಟೆಯ ನಡುವೆ ನನ್ನ ಲಿಂಗದ ಕರಡಿಗೆ, ವಿಭೂತಿಗಟ್ಟಿ ಇಟ್ಟಳು. ದಿನಾ ಪೂಜೆ ಮಾಡುವ ಶಿಸ್ತು ನನ್ನಲ್ಲಿ ಎಂದೋ ಸಡಿಲವಾಗಿತ್ತು. ಆದರೆ ಊರಿಗೆ ಹೋಗುವಾಗ ಅದು ಜೊತೆಗಿರಬೇಕೆಂಬುದು ನಮ್ಮ ಮನೆಯ ಪದ್ಧತಿ.

ಅಮ್ಮನಿಗೆ ಮಾತ್ರ ಸುಳ್ಳು ಹೇಳಿದೆ. ಅವಳಿಗೆ ಆಗ ಎಂಬತ್ತನಾಲ್ಕು. ಅಂಗಡಿಯ ವ್ಯವಹಾರ, ಹುಬ್ಬಳ್ಳಿ ಬೆಳಗಾವಿ ಡೀಲರುಗಳನ್ನು ನೋಡಿಕೊಂಡು ಬರಬೇಕು, ಎರಡು ವಾರ ಆಗುತ್ತದೆ ಎಂದೆ. ಚರ್ಚಿನವರ ಜೊತೆ ಎಂದರೆ ನೊಂದುಕೊಳ್ಳುತ್ತಾಳೆ, ನೆಂಟರಿಗೆ ಗೊತ್ತಾದರೆ ಅವಳನ್ನೇ ಕೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಮ್ಮ ಹ್ಞೂಂ ಅಂದಳು, ಅಷ್ಟೇ.

ನಾವು ಹೊರಟ ಬಸ್ಸಿನಲ್ಲಿ ಹೆಚ್ಚಿನವರು ನನ್ನ ವಯಸ್ಸಿನವರೇ. ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬ ನರ್ಸು, ಒಬ್ಬ ಬಡಗಿ. ಅವರ ಪಾದ್ರಿಗೆ ಮೂವತ್ತೈದು ದಾಟಿರಲಿಲ್ಲ. ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು. ಆ ಊರಿನಲ್ಲಿ ಇದೇ ಒಂದು ತಮಾಷೆಯಾಯಿತು. ಬೆಂಗಳೂರಿನಿಂದ ಅಯ್ಯನವರು ಬರುತ್ತಾರೆ ಎಂದು ಮೊದಲೇ ಫೋನಿನಲ್ಲಿ ತಿಳಿಸಿದ್ದರಂತೆ. ಆ ಕಡೆ ಅಯ್ಯನವರು ಎಂದರೆ ಮಠದ ಸ್ವಾಮಿಗಳು, ಜಂಗಮರು. ಇಬ್ಬರು ಮುದುಕಿಯರು ಪಾದಕ್ಕೆ ನೀರು ಹಾಕಲು ತಂಬಿಗೆ ಹಿಡಿದು ಶಾಲೆಯ ಮುಂದೆ ಕಾದಿದ್ದರು. ಬಸ್ಸಿನಿಂದ ಜೀನ್ಸ್ ಪ್ಯಾಂಟು, ಟೋಪಿ ಹಾಕಿದ ಹುಡುಗ ಮುಖದ ಅಯ್ಯನವರು ಇಳಿದರು. ತಂಬಿಗೆ ಹಿಡಿದವರು ಅವರನ್ನೂ ದಾಟಿ ಹಿಂದಿನವರನ್ನು ನೋಡುತ್ತ ನಿಂತರು. ಕೊನೆಗೆ ಅಯ್ಯನವರೇ ಆ ನೀರು ಇಸಿದುಕೊಂಡು, ಬಾಯಾರಿಕೆಯಾಗಿತ್ತು ತಾಯಿ ಎಂದು ಕುಡಿದುಬಿಟ್ಟರು.

ನಮಗೆ ಉಳಿಯಲು ಶಾಲೆಯ ಎರಡು ಕೋಣೆ ಕೊಟ್ಟಿದ್ದರು. ಮತ್ತೆರಡು ಕೋಣೆಗಳಲ್ಲಿ ಮನೆ ಕಳೆದುಕೊಂಡ ನಾಲ್ಕು ಕುಟುಂಬಗಳಿದ್ದವು. ದೇವದಾಸ ಮತ್ತು ನನ್ನ ಪಾಲಿಗೆ ಬಂದದ್ದು ಗಂಗವ್ವನ ಮನೆ. ಗಂಗವ್ವನಿಗೆ ಎಪ್ಪತ್ತರ ಹತ್ತಿರ. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಗಳು ಮತ್ತು ಮೊಮ್ಮಗಳು ಜೊತೆಗಿದ್ದರು. ಹೊಳೆ ಬಂದ ದಿನ ಮೂವರೂ ಗುಡಿಯ ಮಾಳಿಗೆ ಹತ್ತಿ ಕೂತು, ತಮ್ಮ ಮಣ್ಣಿನ ಗೋಡೆ ಒಂದೊಂದಾಗಿ ಕರಗುವುದನ್ನು ನೋಡಿದರಂತೆ. ನನ್ನ ಹೆಸರಿನಾಕಿನ ನನ್ನ ಮನಿ ಒಯ್ದಳ್ರಿ ಎಂದು ಅವಳು ಹೇಳಿದಾಗ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳೇ ಮೊದಲು ನಕ್ಕಳು.

ಕೆಲಸ ಹೇಳುವವನು ಮಲ್ಲಪ್ಪ ಮೇಸ್ತ್ರಿ, ಆ ಊರಿನವನೇ. ನಾನು ಹಾರ್ಡ್‌ವೇರ್ ಅಂಗಡಿಯವನು ಎಂದು ದೇವದಾಸ ಪರಿಚಯಿಸಿದ. ಮಲ್ಲಪ್ಪನಿಗೆ ಗೌರವ ಬಂದು, ಎಲ್ಲರಿಗೂ ಇಟ್ಟಿಗೆ ಹೊರಲು ಹೇಳಿ ನನ್ನ ಕೈಗೆ ಕರಣೆ ಕೊಟ್ಟ. ಆಗಲೇ ನಾನು ನಿಜ ಹೇಳಬೇಕಿತ್ತು. ಕರಣೆಯನ್ನು ಕಲ್ಲಿಗೆ ತಟ್ಟಿ, ಸದ್ದು ಕೇಳಿದವನಂತೆ ತಲೆಯಾಡಿಸಿದೆ. ಸಂಜೆಯ ಹೊತ್ತಿಗೆ ನನ್ನ ಗೋಡೆ ಸೊಂಟದ ಎತ್ತರಕ್ಕೆ ಬಂತು. ದೂರದಿಂದ ನೋಡಿದರೆ ಸೊಗಸಾಗಿಯೇ ಇತ್ತು. ಮಲ್ಲಪ್ಪ ಬಂದು ಮೇಲಿನಿಂದ ತೂಗುಗುಂಡು ಇಳಿಬಿಟ್ಟ. ದಾರ ಒಂದು ಕಡೆ, ಗೋಡೆ ಒಂದು ಕಡೆ. ಗೋಡೆ ನಿಧಾನವಾಗಿ ಹೊಳೆಯ ಕಡೆಗೆ ಬಾಗಿತ್ತು. ಅವನು ಹಾರೆ ತಂದು ಐದೇ ನಿಮಿಷದಲ್ಲಿ ಅಷ್ಟನ್ನೂ ಕೆಡವಿದ.

“ಬ್ಯಾಸರ ಮಾಡ್ಕೋಬ್ಯಾಡ್ರಿ ಸಾವಕಾರ್ರ,” ಅಂದ. “ಗ್ವಾಡಿ ದೊಡ್ಡವ್ರು ಸಣ್ಣವ್ರು ಅಂತ ನೋಡಂಗಿಲ್ಲ. ಗುಂಡ ಹೇಳಿದ್ದಷ್ಟ ಕೇಳತೈತಿ.”

ಮರುದಿನದಿಂದ ಅವನು ಪಕ್ಕದಲ್ಲಿ ಕೂತು ಕಲಿಸಿದ. ಎಷ್ಟು ನೀರು, ಎಷ್ಟು ಗಾರೆ, ಇಟ್ಟಿಗೆಯನ್ನು ಎಲ್ಲಿ ತಟ್ಟಬೇಕು. ಆ ದಿನವೇ ಹೆಬ್ಬೆರಳು ಜಜ್ಜಿದ್ದೂ. ನೋವಿಗಿಂತ ಹೆಚ್ಚಾಗಿ, ನಾನೂ ಕೆಲಸ ಮಾಡಿದೆನೆಂಬುದಕ್ಕೆ ಒಂದು ಗುರುತು ಸಿಕ್ಕಿತಲ್ಲ ಎಂಬ ಗುಟ್ಟಿನ ಸಂತೋಷವಾಯಿತು ಎಂದರೆ ನೀವು ನಂಬಬೇಕು.

ಗಂಗವ್ವ ದಿನಾ ಬಂದು ಒಂದು ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು. ಮಾತು ಕಡಿಮೆ. ಒಂದು ದಿನ ಅಯ್ಯನವರು ಇಟ್ಟಿಗೆ ಹೊತ್ತು ಬಂದಾಗ ನೇರವಾಗಿ ಕೇಳಿದಳು, ಎಲ್ಲಾ ಮುಗಿದ ಮೇಲೆ ನಮ್ಮ ಕಡೆಯಿಂದ ನಿಮಗೆ ಏನು ಬೇಕು ಎಂದು. ಏನೂ ಬೇಡಮ್ಮ ಎಂದರು ಅವರು. ಅವಳು ತಲೆಯಾಡಿಸಿದಳು. ಆದರೆ ನಂಬಿದವಳ ಹಾಗೆ ಕಾಣಲಿಲ್ಲ. ಏನೂ ಬೇಡ ಎಂದು ಬಂದು ಏನಾದರೂ ಒಯ್ಯದೆ ಹೋದವರನ್ನು ಬಹುಶಃ ಅವಳು ಕಂಡಿರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಊರಿನ ಗೌಡರು ನಾಲ್ಕು ಜನರೊಂದಿಗೆ ಬಂದರು. ಜಗಳಕ್ಕೆ ಬಂದವರಲ್ಲ. ಎಲ್ಲರಿಗೂ ನಮಸ್ಕಾರ ಹೇಳಿ, ಎದ್ದ ಗೋಡೆಗಳನ್ನು ಕೈಯಿಂದ ಮುಟ್ಟಿ ನೋಡಿ, ಚಲೋ ಕೆಲಸ ಎಂದರು. ಆಮೇಲೆ ಅಯ್ಯನವರನ್ನು ಕೇಳಿದರು, ಇದೆಲ್ಲ ಸರಿ, ಮುಂದೇನು? ಇವತ್ತು ಮನೆ, ನಾಳೆ ಪ್ರಾರ್ಥನೆ, ನಾಡಿದ್ದು ಮಂದಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳುವುದು, ಹಾಗೇನು? ಅಯ್ಯನವರು ಹಾಗಲ್ಲ ಎಂದರು. ನಮ್ಮ ನಂಬಿಕೆಗಾಗಿ ನಾವು ಬಂದಿದ್ದೇವೆ, ನಿಮ್ಮದನ್ನು ಕೇಳಲು ಬಂದಿಲ್ಲ ಎಂದರು. ಗೌಡರು ಎಲ್ಲರ ಮುಖವನ್ನೂ ನೋಡುತ್ತ ಬಂದು ನನ್ನ ಮುಂದೆ ನಿಂತರು.

“ನೀವ್ರೀ? ನೀವೂ ಇವರ ಪೈಕಿನ ಏನು?”

ದೇವದಾಸ ನನ್ನಿಂದ ಎರಡು ಮಾರು ದೂರದಲ್ಲಿ ಮರಳು ಜರಡಿ ಹಿಡಿಯುತ್ತಿದ್ದ. ಜರಡಿಯ ಸದ್ದು ನಿಂತಿತು. ನಾನು ಇವನ ಗೆಳೆಯ, ಲಿಂಗವಂತ, ಇವನು ಕರೆದ, ಬಂದೆ. ಇಷ್ಟು ಹೇಳಿದ್ದರೆ ಸಾಕಿತ್ತು, ಅದು ಆ ಹೊತ್ತಿಗೆ ಎಲ್ಲರಿಗೂ ಉಪಕಾರವಾಗುವ ನಿಜವಾಗಿತ್ತು. ಆದರೆ ಗೌಡರ ಜೊತೆ ಬಂದವನೊಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಅದು ಎಲ್ಲಿಂದೆಲ್ಲಿಗೋ ಹೋಗಿ, ಚಾಮರಾಜಪೇಟೆಯ ಯಾವುದೋ ನೆಂಟರ ಫೋನಿನಲ್ಲಿ ನಾನು ಕಾಣಿಸಿಕೊಳ್ಳುವುದು ಕಣ್ಣ ಮುಂದೆ ಬಂತು.

“ನಾನು ಸಾಮಾನಿನವನು ಸ್ವಾಮಿ,” ಅಂದೆ. “ಇವರಿಗೆ ಸಾಮಾನು ಸಪ್ಲೈ ಮಾಡೋಕೆ ಬಂದಿದೀನಿ. ನನಗೂ ಇವರಿಗೂ ಬೇರೇನೂ ಸಂಬಂಧ ಇಲ್ಲ.”

ಗೌಡರು ಸರಿ ಎಂದು ಮುಂದಕ್ಕೆ ಹೋದರು. ಹಿರಿಯರೆಲ್ಲ ಕೂತು ಮಾತಾಡುವವರೆಗೂ ಕೆಲಸ ನಿಲ್ಲಿಸಬೇಕೆಂದು ಹೇಳಿ ಹೋದರು. ಮಲ್ಲಪ್ಪ ಕಲಸಿದ ಗಾರೆಯನ್ನು ನೋಡುತ್ತ ನಿಂತ. ಅದು ಅಲ್ಲೇ ಗಟ್ಟಿಯಾಗತೊಡಗಿತು. ಗಂಗವ್ವ ತನ್ನ ಕಲ್ಲಿನಿಂದ ಎದ್ದು, ಎದೆಯೆತ್ತರ ಬಂದ ತನ್ನ ಮನೆಯನ್ನು ಒಂದು ಸಲ ನೋಡಿ ಶಾಲೆಯ ಕಡೆಗೆ ನಡೆದಳು.

ಸಂಜೆ ದೇವದಾಸ ಎಂದಿನಂತೆ ಚಹಾ ತಂದು ಕೊಟ್ಟ. ನನಗೇ ತಡೆಯಲಾಗದೆ, ಆಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ ಕಣೋ ಎಂದೆ.

“ಸುಳ್ಳೇನಲ್ವಲ್ಲ ಬಿಡು,” ಅಂದ ಅವನು. “ಸಾಮಾನು ಕೊಟ್ಟವನು ನೀನೇ ತಾನೆ.”

ಅವನು ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು. ಐವತ್ತು ವರ್ಷದ ಗೆಳೆಯ ನನ್ನ ಪರವಾಗಿ ತಾನೇ ನೆಪ ಹುಡುಕಿಕೊಟ್ಟ. ಅದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಚಹಾ ಕುಡಿದೆ.

ಆವರೆಗೆ ನನ್ನ ಕರಡಿಗೆ ಬ್ಯಾಗಿನಿಂದ ಹೊರಗೆ ಬಂದಿರಲಿಲ್ಲ. ಮೊದಲೆರಡು ದಿನ, ಇವರ ನಡುವೆ ಪೂಜೆಗೆ ಕೂತರೆ ಇವರಿಗೆ ಮುಜುಗರವಾದೀತು ಎಂದುಕೊಂಡಿದ್ದೆ. ಆಮೇಲೆ, ಊರಿನವರು ನೋಡಿದರೆ ನನಗೆ ಮುಜುಗರವಾದೀತು ಎಂದುಕೊಂಡೆ. ಒಟ್ಟಿನಲ್ಲಿ ಎಲ್ಲರ ಮುಜುಗರವನ್ನೂ ನಾನೇ ವಹಿಸಿಕೊಂಡಿದ್ದೆ. ಮರುದಿನ ಬೆಳಿಗ್ಗೆ ಬೋರ್‌ವೆಲ್ ಹತ್ತಿರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಶಾಲೆಯ ಜಗಲಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಭಕ್ತಿಯಿಂದಲೋ ಪ್ರದರ್ಶನಕ್ಕೋ ಎಂದರೆ ಈಗಲೂ ಉತ್ತರ ಗೊತ್ತಿಲ್ಲ. ಮಂತ್ರ ಅರ್ಧಕ್ಕೇ ಮರೆತುಹೋಯಿತು, ಉಳಿದದ್ದಕ್ಕೆ ಓಂ ನಮಃ ಶಿವಾಯ ಒಂದನ್ನೇ ಹೇಳಿಕೊಂಡೆ. ಕಣ್ಣು ಮುಚ್ಚಿ ಕೂತಿದ್ದಾಗ ಪಕ್ಕದಲ್ಲಿ ಹುಶ್ ಹುಶ್ ಎಂಬ ಸದ್ದು. ಒಂದು ಆಡು ನಾನು ತಟ್ಟೆಯಲ್ಲಿ ಇಟ್ಟಿದ್ದ ಪತ್ರೆಗೆ ಬಾಯಿ ಹಾಕಲು ಬಂದಿತ್ತು. ದೇವದಾಸ ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದುಕೊಂಡು ಅದನ್ನು ಓಡಿಸುತ್ತಿದ್ದ. ಅದು ಮತ್ತೆ ಬಂದೀತೆಂದು ನನ್ನ ಪೂಜೆ ಮುಗಿಯುವವರೆಗೂ ಅಲ್ಲೇ ನಿಂತಿದ್ದ, ಬಾಯಿಯ ತುಂಬ ನೊರೆ.

ಬೋರ್‌ವೆಲ್‌ಗೆ ಬಂದಿದ್ದ ಗಂಗವ್ವ ಕೊಡವನ್ನು ನೆಲಕ್ಕಿಟ್ಟು ಇಬ್ಬರನ್ನೂ ನೋಡಿದಳು. ನೀವು ಲಿಂಗವಂತರೇನ್ರಿ ಎಂದು ಕೇಳಿದಳು. ಹೌದಮ್ಮ ಎಂದೆ. ಮತ್ತೆ ನಿನ್ನೆ ಹಾಗ್ಯಾಕೆ ಹೇಳಿದ್ರಿ ಎಂದು ಅವಳು ಕೇಳಲಿಲ್ಲ. ಗೌಡರ ಮನೆ ಯಾವ ಕಡೆ ಎಂದು ನಾನು ಕೇಳಿದೆ. ಕೊಡವನ್ನು ಅಲ್ಲೇ ಬಿಟ್ಟು ದಾರಿ ತೋರಿಸಲು ನನ್ನ ಮುಂದೆ ಹೊರಟಳು.

ಗೌಡರು ಹೊರಸಿನ ಮೇಲೆ ಕೂತಿದ್ದರು. ನಾನು ನಿಂತೇ ಹೇಳಿದೆ. ನಿನ್ನೆ ನಿಮ್ಮ ಮುಂದೆ ಸುಳ್ಳು ಹೇಳಿದೆ. ದೇವದಾಸ ನನ್ನ ಗೆಳೆಯ. ಅವನ ಮನೆಯಲ್ಲಿ ನಾನು, ನಮ್ಮ ಮನೆಯಲ್ಲಿ ಅವನು ಉಂಡು ಬೆಳೆದಿದ್ದೇವೆ. ಇಷ್ಟು ವರ್ಷದಲ್ಲಿ ಅವನು ನನ್ನ ದೇವರ ವಿಷಯಕ್ಕೆ ಬಂದದ್ದಿಲ್ಲ. ಅವನು ಕರೆದ, ಅದಕ್ಕೇ ಬಂದಿದ್ದೇನೆ.

“ಹಂಗಾದ್ರ ನಿನ್ನೆ ಯಾಕ ಹಂಗ ಅಂದ್ರಿ?”

“ಊರಲ್ಲಿ ನಮ್ಮಮ್ಮಂಗೆ ಗೊತ್ತಾಗತ್ತೆ ಅಂತ ಭಯ ಆಯ್ತು.”

ಗೌಡರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಎಷ್ಟ ವಯಸ್ಸ ನಿಮಗ?”

ಅರವತ್ತು ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಒಳಗಿದ್ದವರನ್ನು ಕರೆದು ಅದನ್ನೇ ಮತ್ತೊಮ್ಮೆ ಹೇಳಿಸಿ ನಕ್ಕರು. ನನ್ನನ್ನು ಕೂರಿಸಿ ಮಜ್ಜಿಗೆ ತರಿಸಿದರು. ನಗು ಇಳಿದ ಮೇಲೆ ಅವರು ಹೇಳಿದ ಮಾತು ನನಗೆ ಈಗಲೂ ನೆನಪಿದೆ.

“ನಾವೂ ತಿಳಿಗೇಡಿಗಳಲ್ರಿ. ಆದ್ರ ಮನಿ ಕಳಕೊಂಡವ್ರ ಕೈಯಾಗ ಏನೂ ಇರಂಗಿಲ್ಲ. ಅಂಥಾ ಹೊತ್ತಿನ್ಯಾಗ ಕೊಟ್ಟವ್ರು ಏನ್ ಕೇಳಿದ್ರೂ ಒಲ್ಲೆ ಅನ್ನಾಕ ಬಾಯಿ ಬರೂದಿಲ್ಲ. ಅದಕ್ಕ ನಮಗ ಅಂಜಿಕಿ.”

ಇದನ್ನು ನಾನು ಹಾಗೆಯೇ ಅಯ್ಯನವರಿಗೆ ಒಪ್ಪಿಸಿದೆ. ಗೌಡರು ಹೇಳಿದ್ದು ಸರಿ ಎಂದರು ಅವರು. ಪ್ರತಿ ಮನೆಯ ಬಾಗಿಲ ಪಕ್ಕ ಕೂರಿಸಲೆಂದು ಚರ್ಚಿನ ಹೆಸರು ಕೆತ್ತಿದ ನಾಲ್ಕು ಕಲ್ಲುಗಳನ್ನು ಬಸ್ಸಿನಲ್ಲಿ ತಂದಿದ್ದೆವು. ಅವನ್ನು ಇಳಿಸುವುದು ಬೇಡ ಎಂದರು. ತಂಡದಲ್ಲಿ ಒಂದಿಬ್ಬರಿಗೆ ಇದು ಹಿಡಿಸಲಿಲ್ಲ, ದಾನ ಕೊಟ್ಟವರಿಗೆ ಏನು ತೋರಿಸುವುದು ಎಂದು ಗೊಣಗಿದರು. ಮನೆ ತೋರಿಸಿ ಎಂದರು ಅಯ್ಯನವರು. ನಮ್ಮ ಪ್ರಾರ್ಥನೆ ನಮ್ಮ ಕೋಣೆಯಲ್ಲಿ, ನಮ್ಮಷ್ಟಕ್ಕೆ ಎಂದೂ ತೀರ್ಮಾನವಾಯಿತು. ಆ ಸಂಜೆ ಹಿರಿಯರೆಲ್ಲ ಕೂತು ಕೆಲಸ ಮುಂದುವರಿಸಲು ಹೇಳಿದರು. ಗಟ್ಟಿಯಾಗಿದ್ದ ಗಾರೆಯನ್ನು ಮಲ್ಲಪ್ಪನೂ ನಾನೂ ಹಾರೆಯಿಂದ ಒಡೆದು ತೆಗೆದೆವು.

ಹನ್ನೆರಡನೆಯ ದಿನಕ್ಕೆ ಮನೆ ಎದ್ದು ನಿಂತಿತು. ಎರಡು ಕೋಣೆ, ಮುಂದೊಂದು ಕಟ್ಟೆ, ಮೇಲೆ ಶೀಟು. ಅದರಲ್ಲಿ ಹಿಂದಿನ ಗೋಡೆ ಪೂರ್ತಿ, ಪಕ್ಕದ ಗೋಡೆಯಲ್ಲಿ ಅರ್ಧ ನನ್ನದು ಎಂದು ಮಲ್ಲಪ್ಪ ಎಲ್ಲರೆದುರು ಸಾರಿದ. ಗಂಗವ್ವ ಹಾಲುಕ್ಕಿಸಿದಳು. ಗೌಡರು ಬಂದರು. ಕೊಟ್ಟ ಮಾತಿನಂತೆ ಅಯ್ಯನವರು ಅಂಗಳದಲ್ಲೇ ಸುಮ್ಮನೆ ನಿಂತಿದ್ದರು. ಗಂಗವ್ವ ಅದನ್ನು ನೋಡಿ ಹೊರಗೆ ಬಂದಳು.

“ನಿಮ್ಮ ದ್ಯಾವ್ರಿಗೆ ಏನರ ಹೇಳೂದಿದ್ರ ಹೇಳ್ರಿ,” ಅಂದಳು. “ಮನಿ ಕಟ್ಟಿದವ್ರು ಬಾಯಿ ಮುಚಗೊಂಡು ಹೋದ್ರ ಚಂದ ಕಾಣೂದಿಲ್ಲ.”

ಅಯ್ಯನವರು ಗೌಡರ ಮುಖ ನೋಡಿದರು. ಆಕಿ ಮನಿ, ಆಕಿ ಹೇಳಿದಂಗ ಎಂದರು ಗೌಡರು. ಅಯ್ಯನವರು ಎರಡೇ ಸಾಲು ಹೇಳಿದರು, ಈ ಮನೆಯವರು ಇಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದು. ಹೊಳೆ ಬಂದಾಗಿನಿಂದ ತನ್ನ ತಾಯಿ ಮಲಗಿ ನಿದ್ದೆ ಮಾಡಿದ್ದನ್ನು ನೋಡಿಲ್ಲವೆಂದು ಗಂಗವ್ವನ ಮಗಳು ಆಮೇಲೆ ನಮಗೆ ಹೇಳಿದಳು. ಅಯ್ಯನವರಿಗೆ ಅದು ಹೇಗೆ ತಿಳಿದಿತ್ತೋ.

ಬೆಂಗಳೂರಿಗೆ ಬಂದು ಮೆಜೆಸ್ಟಿಕ್ ದಾಟುವಾಗ ದೇವದಾಸ, ನಿಮ್ಮಮ್ಮಂಗೆ ಹೇಳ್ತೀಯಾ ಎಂದು ಕೇಳಿದ. ಹೇಳುತ್ತೇನೆ ಎಂದೆ. ಮನೆಗೆ ಹೋದವನೇ, ಕೈಕಾಲು ತೊಳೆಯುವ ಮೊದಲೇ, ನಡುಮನೆಯಲ್ಲಿ ಕೂತಿದ್ದ ಅಮ್ಮನ ಕಾಲ ಬಳಿ ಕೂತು ಎಲ್ಲ ಹೇಳಿದೆ. ಡೀಲರು ಇಲ್ಲ, ದೇವದಾಸನ ಚರ್ಚಿನವರ ಜೊತೆ ಹೋಗಿದ್ದೆ, ಹೀಗೆ ಹೀಗೆ ಆಯಿತು. ಗೌಡರ ಮುಂದೆ ಅವಳ ಹೆಸರು ಹೇಳಿದ್ದನ್ನೂ ಬಿಡಲಿಲ್ಲ.

“ದೇವದಾಸನ ಜೊತೆ ಹೋಗೋದಕ್ಕೆ ನಾನ್ ಯಾಕೋ ಬೇಡ ಅಂತೀನಿ?” ಅಂದಳು ಅಮ್ಮ. “ಅವರಮ್ಮ ಕೊಟ್ಟ ತಿಂಡಿ ನಿಮ್ಮಜ್ಜಿ ಹಂಚುವಾಗ ನಾನೇನಾದ್ರೂ ಬೇಡ ಅಂದಿದ್ನಾ?”

ಹೌದಲ್ಲ ಎನಿಸಿತು. ಅಮ್ಮ ಎಂದೂ ಅಂಥ ಮಾತಾಡಿದವಳಲ್ಲ. ಅಂಜಿಕೆ ಪೂರ್ತಿ ನನ್ನದೇ. ಅದಕ್ಕೆ ಅವಳ ಹೆಸರು ಇಟ್ಟುಕೊಂಡು ಓಡಾಡಿದ್ದೆ. ದೊಡ್ಡವರು ಏನಂದುಕೊಳ್ಳುತ್ತಾರೋ ಎಂದು ನಾವು ಅಂಜುವ ಎಷ್ಟೋ ಸಂಗತಿಗಳಲ್ಲಿ ದೊಡ್ಡವರು ಪಾಪ ಏನೂ ಅಂದುಕೊಂಡೇ ಇರುವುದಿಲ್ಲ.

ಅಮ್ಮ ಗಂಗವ್ವನ ಮನೆಯ ಬಗ್ಗೆ ಕೇಳಿದಳು. ಫೋನಿನಲ್ಲಿ ಫೋಟೋ ತೋರಿಸಿದೆ. ಮುಂದಿನದು, ಹಿಂದಿನದು, ನಾನು ಕಟ್ಟಿದ ಗೋಡೆ ಒಂದನ್ನೇ ನಾಲ್ಕು ಸಲ. ಅಮ್ಮ ಕನ್ನಡಕ ಏರಿಸಿ ನೋಡಿದಳು.

“ಒಲೆ ಯಾವ ಕಡೆ ಬರತ್ತೆ?”

ಇದೇ ಗೋಡೆ ಹತ್ತಿರ ಎಂದು ಹೆಮ್ಮೆಯಿಂದ ತೋರಿಸಿದೆ.

“ಕಿಟಕಿ ಇಟ್ಟಿಲ್ವಲ್ಲೋ.”

ನಾನು ಫೋಟೋವನ್ನು ಹತ್ತಿರ ಹಿಡಿದು ನೋಡಿದೆ. ಇರಲಿಲ್ಲ. ಪ್ಲಾನಿನಲ್ಲೇ ಇರಲಿಲ್ಲ, ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಗೆ ಬಾಗಿಲಿಂದ ಹೋಗತ್ತಮ್ಮ ಎಂದು ಏನೋ ಹೇಳಹೊರಟೆ. ನಮ್ಮ ಮನೆಗೂ ಇಲ್ವಲ್ಲ, ನಿಂಗೆ ಹೇಗೆ ಹೊಳೀಬೇಕು ಎಂದಳು ಅಮ್ಮ. ಕೋಪದಿಂದಲ್ಲ, ಲೆಕ್ಕದ ಮೇಷ್ಟರು ತಪ್ಪು ಎಲ್ಲಾಯಿತೆಂದು ತೋರಿಸುವಂತೆ.

ನಮ್ಮ ಅಡುಗೆಮನೆಗೆ ಮಾಡಿನಲ್ಲೊಂದು ಬೆಳಕಿಂಡಿ ಇದೆ, ಅಷ್ಟೇ. ಅದರ ಕೆಳಗೆ ಅಮ್ಮ ಮೂವತ್ತು ವರ್ಷ, ಗಿರಿಜ ಮೂವತ್ತು ವರ್ಷ ಬೇಯಿಸಿದ್ದಾರೆ. ಕಿಟಕಿಯ ಚಿಲಕ, ತಿರುಪು, ಸರಳು ಎಲ್ಲವನ್ನೂ ಊರಿಗೆಲ್ಲ ಮಾರಿದವನು ನಾನು. ಗಿರಿಜಳನ್ನು ಕೂಗಿ, ಅಡುಗೆಮನೆಗೆ ಕಿಟಕಿ ಬೇಕು ಅಂತ ನಿನಗೆ ಅನಿಸಿಲ್ವಾ ಎಂದು ಕೇಳಿದೆ. ಮದುವೆಯಾದ ಐದನೇ ವರ್ಷ ಕೇಳಿದ್ದೆ, ನೋಡೋಣ ಅಂದಿದ್ರಿ ಎಂದಳು. ಅವಳಿಗೆ ನೆನಪಿತ್ತು, ನನಗೆ ಇರಲಿಲ್ಲ.

ಅಂದೇ ಮಲ್ಲಪ್ಪನಿಗೆ ಫೋನ್ ಮಾಡಿದೆ. ಅವನು ನಕ್ಕ. ಹೊಸ ಮನೆಯಲ್ಲಿ ಒಲೆ ಹಚ್ಚಿದ ಮೊದಲ ದಿನವೇ ಗಂಗವ್ವ ಅವನನ್ನು ಕರೆಸಿ ಕಿಟಕಿಗಾಗಿ ಗೋಡೆ ಒಡೆಯಲು ಹೇಳಿದಳಂತೆ. ನನಗೆ ಹೇಗೆ ಹೇಳುವುದೆಂದು ಅವನು ಹಿಂಜರಿದು ಸುಮ್ಮನಿದ್ದ. ಒಡೆದುಬಿಡು ಮಾರಾಯ ಎಂದು ಅಂಗಡಿಯಿಂದ ಒಂದು ಕಿಟಕಿ ಲಾರಿಗೆ ಹಾಕಿ ಕಳಿಸಿದೆ.

ನಮ್ಮ ಅಡುಗೆಮನೆಯ ಗೋಡೆಯನ್ನು ಮಾತ್ರ ಬೇರೆಯವರ ಕೈಗೆ ಕೊಡಲಿಲ್ಲ. ಮುಂದಿನ ಭಾನುವಾರ ದೇವದಾಸ ಚರ್ಚು ಮುಗಿಸಿಕೊಂಡು ಬಂದ. ಪೆನ್ಸಿಲಿನಿಂದ ಗೋಡೆಯ ಮೇಲೆ ಚೌಕ ಬರೆದ. ಇಬ್ಬರೂ ಸರದಿಯ ಮೇಲೆ ಉಳಿ ಸುತ್ತಿಗೆ ಹಿಡಿದೆವು. ಹಳೆಯ ಕಾಲದ ಸುಣ್ಣದ ಗಾರೆ, ಸುಲಭಕ್ಕೆ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಇಟ್ಟಿಗೆ ಆಚೆಗೆ ಬಿತ್ತು. ಆಚೆಗೆ ಏನು ಮಹಾ, ಮೂರಡಿ ಅಗಲದ ಸಂದಿ, ಪಕ್ಕದ ಮನೆಯ ಪಾಚಿಗಟ್ಟಿದ ಗೋಡೆ, ಅದರ ಮೇಲೆ ಒಂದು ತುಂಡು ಆಕಾಶ. ಚೌಕಟ್ಟು ಕೂರಿಸುವವರೆಗೂ ತಾಳು ಎಂದರೂ ಗಿರಿಜ ಕೇಳಲಿಲ್ಲ. ಇಟ್ಟಿಗೆಚೂರುಗಳನ್ನು ಕಾಲಿನಿಂದ ಸರಿಸಿ, ಸ್ಟೌ ಹಚ್ಚಿ ನಮ್ಮಿಬ್ಬರಿಗೆ ಕಾಫಿಗೆಂದು ಹಾಲಿಟ್ಟಳು.

ನಡುಮನೆಯಿಂದ ಅಮ್ಮ ಕೇಳಿದಳು, “ಬೆಳಕು ಬಂತೇನೇ ಗಿರಿಜಾ?”

“ಬಂತು ಅತ್ತೆ,” ಅಂದಳು ಗಿರಿಜ. “ಧೂಳೂ ಬಂತು.”